ಹೆಲ್ಮೆಟ್ ಹಾಕಿದ್ದೆ, ಆದರೂ ಕೈ ಮುರಿಯಿತು

ಪ್ರಶ್ನೆ: ನನಗೆ 47 ವರ್ಷ. ಮೈಸೂರಿನಲ್ಲಿದ್ದೇನೆ. ಶುಗರ್ ಬಾರ್ಡರ್‌ನಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಮತ್ತೆ ಸೈಕಲ್ ಶುರು ಮಾಡಿದೆ. ಮೂರು ತಿಂಗಳ ಹಿಂದೆ ಕುಕ್ಕರಹಳ್ಳಿ ಕೆರೆ ಕಡೆಯಿಂದ ಮನೆಗೆ ಬರುವಾಗ, ತಿರುವಿನಲ್ಲಿ ಮರಳಿನ ಮೇಲೆ ಜಾರಿ ಎಡಕ್ಕೆ ಬಿದ್ದೆ. ಸ್ಪೀಡ್ ಏನೂ ಇರಲಿಲ್ಲ. ಎಡ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿದರು. ತಲೆಗೆ ಏನೂ ಆಗಲಿಲ್ಲ, ತಲೆ ನೆಲಕ್ಕೆ ತಾಗಿದ ಹಾಗೂ ಇಲ್ಲ. ‘ಹೆಲ್ಮೆಟ್ ಹಾಕಿಕೊಂಡು ಏನು ಬಂತು, ಕೈ ಮುರಿಯಿತಲ್ಲ’ ಎಂದು ಯಜಮಾನರು ದಿನಾ ಅಣಕಿಸುತ್ತಾರೆ. ಹಾಲೆಂಡ್‌ನಲ್ಲಿ ಯಾರೂ ಹೆಲ್ಮೆಟ್ ಹಾಕುವುದಿಲ್ಲವಂತೆ. ಮಗ ಜೂಡೋದವರ ಹಾಗೆ ಉರುಳುವ ವಿಡಿಯೋ ತೋರಿಸಿ, ‘ಅಮ್ಮಾ, ಬೀಳುವುದನ್ನು ಕಲಿ’ ಅನ್ನುತ್ತಾನೆ. ಬೀಳುವುದನ್ನೂ ಕಲಿಯಬಹುದಾ? ಇನ್ನೊಂದು ಸಣ್ಣ ವಿಷಯ. ಹೆಲ್ಮೆಟ್ ಒಳಗೆ ಎಡಗಡೆ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತಿದೆ. ಆರು ತಿಂಗಳ ಹಿಂದೆ ತಂದ ಹೊಸ ಹೆಲ್ಮೆಟ್. ಫೆವಿಕ್ವಿಕ್ ಹಾಕಿ ಅಂಟಿಸಿದರೆ ಸಾಕಾ?

ಉತ್ತರ: ಹೆಲ್ಮೆಟ್ ಇದ್ದರೂ ಕೈ ಮುರಿಯಿತು ಅನ್ನುವುದು, ಛತ್ರಿ ಹಿಡಿದಿದ್ದರೂ ಕಾಲು ಒದ್ದೆಯಾಯಿತು ಅಂದ ಹಾಗೆ. ಹೆಲ್ಮೆಟ್ ಕಾಯುವುದು ತಲೆಯನ್ನು ಮಾತ್ರ. ಕೈ, ಭುಜ, ಸೊಂಟ ಉಳಿಯುವುದು ನೀವು ಹೇಗೆ ಬೀಳುತ್ತೀರಿ ಅನ್ನುವುದರ ಮೇಲೆ. ಬಿರುಕಿನ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ನಿಮಗೆ ಅನ್ನಿಸಿದಷ್ಟು ಸಣ್ಣದಲ್ಲ. ಅಲ್ಲಿಯವರೆಗೆ ಆ ಹೆಲ್ಮೆಟ್ ಹಾಕಬೇಡಿ, ಅಂಟೂ ಹಚ್ಚಬೇಡಿ.

ಬೀಳುವುದನ್ನು ಕಲಿಯಬಹುದಾ? ಕಲಿಯಬಹುದು. ಆದರೆ ಬೀಳುವಾಗ ಯೋಚಿಸಿ ಮಾಡುತ್ತೇನೆ ಅಂದುಕೊಂಡರೆ ಆಗುವುದಿಲ್ಲ. ಸೈಕಲ್ ಮೇಲೆ ಕೂತಾಗ ನಿಮ್ಮ ತಲೆ ನೆಲದಿಂದ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಮೇಲಿರುತ್ತದೆ. ಒಂದೂವರೆ ಮೀಟರ್ ಎತ್ತರದಿಂದ ಒಂದು ತೆಂಗಿನಕಾಯಿ ಬಿಟ್ಟರೆ ನೆಲ ಮುಟ್ಟಲು ಅರ್ಧ ಸೆಕೆಂಡ್ ಚಿಲ್ಲರೆ ಸಾಕು. ಸೈಕಲ್ ವಾಲಿ ಬೀಳುವಾಗ ಇದಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಸಿಗಬಹುದು. ಅದರಲ್ಲಿ ‘ಅಯ್ಯೋ, ಬೀಳ್ತಿದ್ದೀನಿ’ ಎಂದು ಗೊತ್ತಾಗುವುದಕ್ಕೇ ಒಂದು ಪಾಲು ಹೋಗುತ್ತದೆ. ಉಳಿದ ಹೊತ್ತಿನಲ್ಲಿ ದೇಹ ತನಗೆ ಮೊದಲೇ ರೂಢಿಯಾದದ್ದನ್ನು ಮಾತ್ರ ಮಾಡುತ್ತದೆ.

ದೇಹಕ್ಕೆ ರೂಢಿಯಾಗಿರುವುದು ಏನು ಗೊತ್ತಾ? ಕೈ ಚಾಚುವುದು. ಕೂಸಿಗೆ ವರ್ಷ ತುಂಬುವ ಮೊದಲೇ ಇದು ಬರುತ್ತದೆ. ಮಗುವನ್ನು ಎತ್ತಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಾಗಿಸಿದರೆ ಎರಡೂ ಕೈ ಮುಂದೆ ಚಾಚುತ್ತದೆ. ಆ ಗುಣ ಸಾಯುವವರೆಗೂ ನಮ್ಮಲ್ಲಿ ಇರುತ್ತದೆ. ನಡೆಯುವಾಗ ಎಡವಿದರೆ ಅದು ಮುಖ ಉಳಿಸುತ್ತದೆ, ಸರಿ. ಆದರೆ ಸೈಕಲ್‌ನಿಂದ ಬೀಳುವಾಗ ಮೊಣಕೈ ನೇರವಾಗಿ ಸೆಟೆದುಕೊಂಡು ಅಂಗೈ ನೆಲಕ್ಕೆ ಊರಿದರೆ ಇಡೀ ಮೈಭಾರ ಮಣಿಕಟ್ಟಿನ ಎರಡು ಬೆರಳಗಲ ಜಾಗಕ್ಕೆ ಬರುತ್ತದೆ. ಅಲ್ಲಿ ಮೂಳೆ ತಡೆದುಕೊಂಡರೆ ಪೆಟ್ಟು ತೋಳಿನ ಉದ್ದಕ್ಕೂ ಏರಿ ಭುಜಕ್ಕೆ, ಕಾಲರ್ ಬೋನಿಗೆ ಹೋಗುತ್ತದೆ. ಐರ್ಲೆಂಡಿನ ಸರ್ಜನ್ ಅಬ್ರಹಾಂ ಕೋಲಿಸ್ 1814ರಲ್ಲೇ, ಎಕ್ಸ್-ರೇ ಬರುವುದಕ್ಕೆ 80 ವರ್ಷ ಮೊದಲು, ಈ ಮಣಿಕಟ್ಟಿನ ಮುರಿತವನ್ನು ಬರೆದಿಟ್ಟಿದ್ದರು. ಮೂಳೆ ಡಾಕ್ಟರುಗಳು ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ನಿಮ್ಮ ರಿಪೋರ್ಟ್‌ನಲ್ಲೂ ಆ ಹೆಸರು ಇದ್ದರೆ ಆಶ್ಚರ್ಯವಿಲ್ಲ.

ಹಾಗಾಗಿ ಬೀಳುವ ಪಾಠದಲ್ಲಿ ಮುಕ್ಕಾಲು ಭಾಗ ಒಂದೇ: ಕೈ ಚಾಚದೇ ಇರುವುದು. ಹೇಳುವುದಕ್ಕೆ ಸುಲಭ.

ನೀವು ಬಿದ್ದ ಹಾಗೆ ನಿಧಾನದಲ್ಲಿ ಪಕ್ಕಕ್ಕೆ ಬೀಳುವಾಗ ಮಾಡಬೇಕಾದ್ದು ಹ್ಯಾಂಡಲ್ ಬಿಡದಿರುವುದು. ಹೌದು, ಬಿಡಬೇಡಿ. ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದರೆ ಅವು ಚಾಚಿಕೊಳ್ಳಲು ಆಗುವುದೇ ಇಲ್ಲ. ಮೊಣಕೈ ಮಡಚಿ ಮೈಗೆ ಹತ್ತಿರ ತನ್ನಿ. ಗದ್ದವನ್ನು ಎದೆಗೆ ಒತ್ತಿ, ಮುಖವನ್ನು ಬೀಳುವ ಕಡೆಗೆ ಅಲ್ಲ, ಆಚೆ ಭುಜದ ಕಡೆ ತಿರುಗಿಸಿ. ಆಮೇಲೆ ಸೈಕಲ್ ಸಮೇತ ಬೀಳಿ. ಮೊದಲು ಪೆಡಲ್ಲು, ಹ್ಯಾಂಡಲ್ ತುದಿ ನೆಲ ಮುಟ್ಟುತ್ತವೆ, ಆಮೇಲೆ ತೊಡೆಯ ಪಕ್ಕ, ಪೃಷ್ಠ, ಕೊನೆಗೆ ತೋಳಿನ ಮೇಲ್ಭಾಗ. ಸೈಕಲ್ಲಿಗೆ ಗೀರು ಬೀಳುತ್ತದೆ, ಬೀಳಲಿ ಬಿಡಿ. ಪೆಟ್ಟು ಒಂದೇ ಮೂಳೆಗೆ ಬೀಳದೆ ಮಾಂಸ ಇರುವ ಜಾಗದಲ್ಲೆಲ್ಲ ಹಂಚಿಹೋಗಬೇಕು, ಅಷ್ಟೇ. ಚಪಾತಿ ಹಿಟ್ಟಿನ ಉಂಡೆ ಮಣೆಯ ಮೇಲೆ ಬಿದ್ದ ಹಾಗೆ ಬೀಳಬೇಕು, ಲಟ್ಟಣಿಗೆ ಬಿದ್ದ ಹಾಗಲ್ಲ. ಉಸಿರು ಬಿಗಿ ಹಿಡಿಯಬೇಡಿ. ‘ಹಾ’ ಎಂದು ಬಿಟ್ಟುಬಿಡಿ. ಉಸಿರು ಬಿಟ್ಟಾಗ ಮೈ ತಾನಾಗಿ ಸಡಿಲವಾಗುತ್ತದೆ. ಬಿದ್ದ ಮೇಲೆ ಜಾರುತ್ತಿದ್ದರೆ ಜಾರಲು ಬಿಡಿ, ಕಾಲು ಊರಿ ತಡೆಯಲು ಹೋಗಬೇಡಿ. ತರಚು ಗಾಯ ಉರಿಯುತ್ತದೆ, ಆದರೆ ಹತ್ತು ದಿನದಲ್ಲಿ ಒಣಗುತ್ತದೆ. ಮೂಳೆ ಹಾಗಲ್ಲ, ನಿಮಗೇ ಗೊತ್ತು.

ಮುಂದಿನ ಚಕ್ರ ಗುಂಡಿಗೆ ಸಿಕ್ಕಿಯೋ ಮುಂದಿನ ಬ್ರೇಕ್ ಜೋರಾಗಿ ಹಿಡಿದೋ ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದು ಬೇರೆ ಕಥೆ. ಮಗ ತೋರಿಸಿದ ವಿಡಿಯೋ ಇದರದ್ದೇ ಇರಬೇಕು. ಅದರಲ್ಲಿ ಕೈಗಳು ಕಮಾನಿನ ಹಾಗೆ ಬಾಗಿ ಮೊದಲು ನೆಲ ಮುಟ್ಟುತ್ತವೆ, ತಲೆ ಒಳಕ್ಕೆ ಮಡಚುತ್ತದೆ, ಒಂದು ಭುಜದ ಹಿಂಭಾಗದಿಂದ ಎದುರು ಸೊಂಟದವರೆಗೆ ಬೆನ್ನಿನ ಮೇಲೆ ಓರೆಯಾಗಿ ಉರುಳುತ್ತಾರೆ. ಭುಜದ ಹಿಂಭಾಗ ಅಂದೆ, ತುದಿ ಅಲ್ಲ. ಭುಜದ ತುದಿ ನೇರವಾಗಿ ನೆಲಕ್ಕೆ ಬಡಿದರೆ ಕಾಲರ್ ಬೋನ್ ಹೋಯಿತು. ಸೈಕಲ್ ರೇಸಿನವರು ಅತಿ ಹೆಚ್ಚು ಮುರಿದುಕೊಳ್ಳುವ ಮೂಳೆಗಳಲ್ಲಿ ಅದೂ ಒಂದು.

ನಾನು ಕಾಲೇಜಿನಲ್ಲಿದ್ದಾಗ ನಾಲ್ಕು ವರ್ಷ ಜೂಡೋ ಆಡಿದವನು. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಜೂಡೋ ಶುರು ಮಾಡಿದರು. ಅದರಲ್ಲಿ ಬೀಳುವ ವಿದ್ಯೆಗೇ ‘ಉಕೆಮಿ’ ಅನ್ನುವ ಹೆಸರಿದೆ. ಮೊದಲ ಎರಡು ತಿಂಗಳು ನಮ್ಮ ಕೋಚ್ ಎದುರಾಳಿಯನ್ನು ಮುಟ್ಟಲೂ ಬಿಡಲಿಲ್ಲ. ಬೀಳು, ಏಳು, ಮತ್ತೆ ಬೀಳು. ಬೇಜಾರಾಗಿ ಅರ್ಧ ಹುಡುಗರು ಬಿಟ್ಟೇ ಹೋದರು. ಅಷ್ಟು ಸಾವಿರ ಸಲ ಬಿದ್ದ ನಾನು ಮುಂದೊಂದು ದಿನ ಚಾಮುಂಡಿ ಬೆಟ್ಟ ಇಳಿಯುವಾಗ, ತಿರುವಿನಲ್ಲಿ ಜಲ್ಲಿ ಸಿಕ್ಕಿ ಬಿದ್ದು ಕಾಲರ್ ಬೋನ್ ಮುರಿದುಕೊಂಡೆ. ಇಳಿಜಾರಿನ ವೇಗ ಸುಮಾರು 40 ಇರಬೇಕು. ಉರುಳಿದ್ದು ನೆನಪೇ ಇಲ್ಲ. ಆಕಾಶ ಕಂಡಿತು, ಆಮೇಲೆ ರಸ್ತೆ ಕಂಡಿತು. ಆವತ್ತಿನಿಂದ ನನ್ನ ಹತ್ತಿರ ಕಲಿಯಲು ಬರುವವರಿಗೆ ನೇರವಾಗಿ ಹೇಳುತ್ತೇನೆ: ಈ ಪಾಠ ಕೆಲಸ ಮಾಡುವುದು ನಿಧಾನದ ಬೀಳುವಿಕೆಯಲ್ಲಿ. ಸಿಗ್ನಲ್ ಹತ್ತಿರ ವಾಲಿ ಬಿದ್ದಾಗ, ಮರಳಲ್ಲಿ ಜಾರಿದಾಗ, ನಾಯಿ ಅಡ್ಡ ಬಂದಾಗ. ವೇಗ ಏರಿದ ಹಾಗೆ ವಿದ್ಯೆಯ ಪಾಲು ಕಡಿಮೆ, ಅದೃಷ್ಟದ ಪಾಲು ಜಾಸ್ತಿ. ಮಗನಿಗೂ ಇದನ್ನು ಓದಿಸಿ.

ಪ್ರಾಕ್ಟೀಸ್ ಹೇಗೆ? ಮೊದಲು ಹಾಸಿಗೆ ಮೇಲೆ. ಎರಡು ದಪ್ಪ ಹಾಸಿಗೆ ನೆಲಕ್ಕೆ ಹಾಸಿ, ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಒಂದು ಕೋಲನ್ನು ಹ್ಯಾಂಡಲ್ ಹಾಗೆ ಹಿಡಿದುಕೊಳ್ಳಿ. ಗದ್ದ ಎದೆಗೆ ಒತ್ತಿ ಪಕ್ಕಕ್ಕೆ ಬೀಳಿ. ಕೋಲು ಬಿಡಬಾರದು. ಮೊದಮೊದಲು ಕೈ ಕೋಲು ಬಿಟ್ಟು ಹಾಸಿಗೆಗೆ ಹೋಗೇ ಹೋಗುತ್ತದೆ. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ದಿನಕ್ಕೆ ಹತ್ತು ಸಲ, ಎರಡೂ ಕಡೆಗೆ, ಮೂರು ವಾರ ಮಾಡಿ. ಆಮೇಲೆ ಕುಕ್ಕರಗಾಲಿನಿಂದ. ಕೊನೆಗೆ ಹುಲ್ಲಿನ ಮೈದಾನದಲ್ಲಿ, ಸೀಟು ತಗ್ಗಿಸಿದ ಹಳೆ ಸೈಕಲ್‌ನಲ್ಲಿ, ನಡಿಗೆಯ ವೇಗದಲ್ಲಿ. ಇದಕ್ಕೆ ಜೊತೆಗೊಬ್ಬರು ಇರಲಿ. ಯಜಮಾನರನ್ನೇ ಕರೆದುಕೊಂಡು ಹೋಗಿ. ಒಂದು ಸಲ ಅವರೂ ಬಿದ್ದು ನೋಡಲಿ, ಅಣಕಿಸುವುದು ತಾನಾಗಿ ನಿಲ್ಲುತ್ತದೆ.

ಆದರೆ ನೀವು ಇದನ್ನು ನಾಳೆಯೇ ಶುರು ಮಾಡಬೇಡಿ. 47ರ ವಯಸ್ಸು, ನಿಧಾನದಲ್ಲಿ ಬಿದ್ದು ಮೂಳೆ ಮುರಿದಿದೆ. ಅಂದರೆ ಮೂಳೆಯ ಗಟ್ಟಿತನ ನೋಡಿಸಬೇಕು. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಡೆಕ್ಸಾ ಸ್ಕ್ಯಾನ್ ಬೇಕಾ, ವಿಟಮಿನ್ ಡಿ ನೋಡಬೇಕಾ ಎಂದು ನಿಮ್ಮ ಮೂಳೆ ಡಾಕ್ಟರನ್ನು ಕೇಳಿ. ಅವರು ಸರಿ ಅಂದ ಮೇಲೆಯೇ ಹಾಸಿಗೆ ಪಾಠ. ಮುಂದಕ್ಕೆ ಉರುಳುವ ಪಾಠ ನಿಮಗೆ ಬೇಡವೇ ಬೇಡ, ಕುತ್ತಿಗೆಗೆ ಅಪಾಯ. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ಇನ್ನೂ ನೋವಿದ್ದರೆ ಅದನ್ನೂ ಹೇಳಿ. ಅಲ್ಲಿರುವ ಗೋಡಂಬಿಯಷ್ಟು ಸಣ್ಣ ಮೂಳೆ ಬಿರುಕು ಬಿಟ್ಟರೆ ಮೊದಲ ಎಕ್ಸ್-ರೇಯಲ್ಲಿ ಕಾಣದೇ ಹೋಗಬಹುದು. ಅದಕ್ಕೆ ರಕ್ತ ಹೋಗುವ ದಾರಿ ಸಣ್ಣದು, ಬಿಟ್ಟರೆ ಕೂಡಿಕೊಳ್ಳುವುದು ಕಷ್ಟ.

ಇನ್ನು ಹೆಲ್ಮೆಟ್. ‘ನಿಧಾನ ಹೋಗುವವರಿಗೆ ಹೆಲ್ಮೆಟ್ ಯಾಕೆ’ ಅನ್ನುವುದು ನಾನು ಅತಿ ಹೆಚ್ಚು ಕೇಳಿದ ಮಾತು. ಲೆಕ್ಕ ನೋಡಿ. ನೀವು ಸೈಕಲ್ ನಿಲ್ಲಿಸಿಕೊಂಡೇ ಪಕ್ಕಕ್ಕೆ ವಾಲಿ ಬಿದ್ದರೂ, ಒಂದೂವರೆ ಮೀಟರ್ ಎತ್ತರದಿಂದ ಬರುವ ತಲೆ ನೆಲ ಮುಟ್ಟುವಾಗ ಗಂಟೆಗೆ ಹೆಚ್ಚುಕಡಿಮೆ 19 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಬರುವುದು ಎತ್ತರದಿಂದ, ಪೆಡಲ್‌ನಿಂದ ಅಲ್ಲ. ಯುರೋಪಿನ ಸೈಕಲ್ ಹೆಲ್ಮೆಟ್ ನಿಯಮ ಇಎನ್ 1078ರ ಪರೀಕ್ಷೆಯೂ ಇಲ್ಲಿಂದಲೇ ಹುಟ್ಟಿದ್ದು. ತಲೆಯ ಆಕಾರದ ಅಚ್ಚಿಗೆ ಹೆಲ್ಮೆಟ್ ತೊಡಿಸಿ, ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ ಉಕ್ಕಿನ ಮೇಲೆ ಬೀಳಿಸುತ್ತಾರೆ. ಸರಿಯಾಗಿ ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವೇಗ ಅದು. ಅಮೆರಿಕದ ಸಿಪಿಎಸ್‌ಸಿ ಪರೀಕ್ಷೆ ಇನ್ನೂ ಸ್ವಲ್ಪ ಬಿಗಿ, ಅಲ್ಲಿ 2 ಮೀಟರ್. ಅಂದರೆ ಸೈಕಲ್ ಹೆಲ್ಮೆಟ್ ಮಾಡಿರುವುದೇ ನಿಮ್ಮಂಥ ಸಾಧಾರಣ ಬೀಳುವಿಕೆಗೆ. ಲಾರಿ ಗುದ್ದಿದರೆ ಅದು ಕಾಪಾಡುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ.

ಒಳಗಿರುವುದು ಏನು? ಥರ್ಮಾಕೋಲ್. ಟಿವಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಜಾತಿ, ಇನ್ನೂ ಗಟ್ಟಿಯಾಗಿ ಒತ್ತಿದ್ದು. ಪೆಟ್ಟು ಬಿದ್ದಾಗ ಅದು ಪುಡಿಯಾಗಿ ಕುಗ್ಗುತ್ತದೆ. ಬರಿ ತಲೆ ಕಲ್ಲಿಗೆ ಬಡಿದರೆ ಕೆಲವೇ ಮಿಲಿಮೀಟರ್‌ನಲ್ಲಿ ನಿಂತುಬಿಡುತ್ತದೆ. ಥರ್ಮಾಕೋಲ್ ಇದ್ದರೆ ಒಂದೂವರೆ, ಎರಡು ಸೆಂಟಿಮೀಟರ್ ಕುಗ್ಗುತ್ತಾ ನಿಲ್ಲುತ್ತದೆ. ನಿಲ್ಲುವ ದೂರ ಐದು ಪಟ್ಟಾದರೆ ಪೆಟ್ಟಿನ ಬಲ ಐದರಲ್ಲೊಂದು ಪಾಲು. ಕ್ರಿಕೆಟ್‌ನಲ್ಲಿ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ಲ, ಅದೇ ಉಪಾಯ. ಕೆಲವು ಹೆಲ್ಮೆಟ್‌ನಲ್ಲಿ ‘ಮಿಪ್ಸ್’ ಎಂಬ ಹಳದಿ ಬಣ್ಣದ ತೆಳು ಪದರ ಇರುತ್ತದೆ. ಸ್ವೀಡನ್ನಿನವರು ಕಂಡುಹಿಡಿದದ್ದು. ತಲೆ ಓರೆಯಾಗಿ ಬಡಿದಾಗ ಹೆಲ್ಮೆಟ್ ತಲೆಯ ಮೇಲೆ ಒಂದು ಸೆಂಟಿಮೀಟರ್‌ನಷ್ಟು ಜಾರಿ, ಮಿದುಳು ಗಿರ್ರನೆ ತಿರುಗುವುದನ್ನು ಕಡಿಮೆ ಮಾಡಲಿ ಎಂದು. ದುಡ್ಡಿದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಎಂದು ಅಚ್ಚಾಗಿರುವ ಸಾದಾ ಹೆಲ್ಮೆಟ್ ಧಾರಾಳವಾಗಿ ಸಾಕು.

2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗಾಯಗೊಂಡ 64 ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರ ಲೆಕ್ಕ ಅದು. ಹೆಲ್ಮೆಟ್ ಇದ್ದವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಾಧ್ಯತೆ ಸುಮಾರು ಶೇ 69ರಷ್ಟು ಕಡಿಮೆ ಎಂದು ಬಂತು.

ಹಾಲೆಂಡ್ ವಿಷಯದಲ್ಲಿ ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ಅಲ್ಲಿ ಆಫೀಸಿಗೆ, ಅಂಗಡಿಗೆ ಹೋಗುವವರಲ್ಲಿ ಹೆಲ್ಮೆಟ್ ಹಾಕುವವರು ಕಡಿಮೆ. ಆದರೆ ಅಲ್ಲಿ ಸೈಕಲ್ಲಿಗೇ ಬೇರೆ ದಾರಿ ಇದೆ, ಕಾರಿನವರು ಸೈಕಲ್ ಕಂಡರೆ ನಿಧಾನ ಮಾಡುತ್ತಾರೆ. ಆ ದಾರಿಯನ್ನು ಮೈಸೂರಿಗೆ ತಂದುಕೊಟ್ಟರೆ ನಾನೂ ಹೆಲ್ಮೆಟ್ ಬಗ್ಗೆ ಇಷ್ಟು ಹಟ ಮಾಡುವುದಿಲ್ಲ. ರೇಸಿನವರೂ ಮೊದಲು ಒಪ್ಪಿರಲಿಲ್ಲ. 1991ರಲ್ಲಿ ಕಡ್ಡಾಯ ಮಾಡಲು ಹೋದಾಗ ಪ್ಯಾರಿಸ್–ನೀಸ್ ರೇಸಿನಲ್ಲಿ ಸವಾರರು ಪ್ರತಿಭಟನೆ ಮಾಡಿ ನಿಲ್ಲಿಸಿಬಿಟ್ಟರು. ಅದೇ ರೇಸಿನಲ್ಲಿ 2003ರ ಮಾರ್ಚ್‌ನಲ್ಲಿ ಕಜಕಿಸ್ತಾನದ ಆಂದ್ರೇ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಆ ವರ್ಷವೇ ಕಡ್ಡಾಯವಾಯಿತು. ಬೀಳುವುದರಲ್ಲಿ ಅವರಿಗಿಂತ ಪಳಗಿದವರು ಯಾರಿದ್ದಾರೆ, ಹೇಳಿ? ನಮ್ಮ ಕಾನೂನಿನಲ್ಲಿ ಹೆಲ್ಮೆಟ್ ಕಡ್ಡಾಯ ಇರುವುದು ಮೋಟಾರ್ ಗಾಡಿಗೆ, ಸೈಕಲ್ಲಿಗಲ್ಲ. ಹಾಗಾಗಿ ಇಲ್ಲಿ ಯಾರೂ ನಿಮ್ಮನ್ನು ಹಿಡಿದು ದಂಡ ಹಾಕುವುದಿಲ್ಲ. ಸ್ಕೂಟರ್ ಹೆಲ್ಮೆಟ್ಟನ್ನೇ ಸೈಕಲ್ಲಿಗೂ ಹಾಕಬಹುದಾ ಎಂದು ಕೆಲವರು ಕೇಳುತ್ತಾರೆ. ಹತ್ತು ನಿಮಿಷ ತುಳಿದರೆ ಬೆವರಿಗೆ ನೀವೇ ತೆಗೆದಿಡುತ್ತೀರಿ.

ಹಾಕುವ ರೀತಿ ತಪ್ಪಿದರೆ ಹಾಕಿಯೂ ಪ್ರಯೋಜನವಿಲ್ಲ. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಹಣೆ ಮುಚ್ಚಬೇಕು. ನಮ್ಮ ಹೆಂಗಸರಲ್ಲಿ ನಾನು ನೋಡುವ ದೊಡ್ಡ ತೊಂದರೆ ತುರುಬು. ಎತ್ತರಕ್ಕೆ ತುರುಬು ಕಟ್ಟಿದರೆ ಹೆಲ್ಮೆಟ್ ಅದರ ಮೇಲೆ ಕೂತು ಮುಂದಕ್ಕೆ ವಾಲುತ್ತದೆ, ಇಲ್ಲವೇ ಹಿಂದಕ್ಕೆ ಜಾರಿ ಹಣೆ ಪೂರ್ತಿ ತೆರೆದುಕೊಳ್ಳುತ್ತದೆ. ಜಡೆ ತಗ್ಗಿಗೆ ಹೆಣೆದುಕೊಳ್ಳಿ. ಒಳಗೆ ಕ್ಲಿಪ್ಪು, ಕ್ಲಚ್ಚು ಬೇಡ. ಮಲ್ಲಿಗೆ ಮುಡಿಯಬೇಕಾದರೆ ಮನೆಗೆ ಬಂದ ಮೇಲೆ ಮುಡಿಯಿರಿ. ಗದ್ದದ ಪಟ್ಟಿಯ ಕೆಳಗೆ ಒಂದು ಬೆರಳು ತೂರಬೇಕು, ಅಷ್ಟೇ ಸಡಿಲ. ಬಾಯಿ ದೊಡ್ಡದಾಗಿ ತೆರೆದರೆ ಹೆಲ್ಮೆಟ್ ಕೆಳಕ್ಕೆ ಎಳೆದ ಹಾಗೆ ಆಗಬೇಕು. ಕೈಗವಸು ಹಾಕಿ, ಅಂಗೈ ಉಳಿಯುತ್ತದೆ.

ಬೀಳದೇ ಇರುವ ಬಗ್ಗೆಯೂ ಎರಡು ಮಾತು. ಮರಳಿನ ತಿರುವಿನಲ್ಲಿ ಜಾರಿದ್ದು ಮರಳಿಂದಲ್ಲ, ಅದರ ಮೇಲೆ ಬ್ರೇಕ್ ಹಿಡಿದದ್ದರಿಂದ ಇರಬಹುದು. ನೆನಪು ಮಾಡಿಕೊಳ್ಳಿ. ತಿರುವಿಗೆ ಮೊದಲೇ ನಿಧಾನ ಮಾಡಿ. ಮರಳ ಮೇಲೆ ಬ್ರೇಕ್ ಬೇಡ, ಪೆಡಲ್ ಬೇಡ, ಸೈಕಲ್ ಆದಷ್ಟು ನೆಟ್ಟಗಿರಲಿ, ಸುಮ್ನೆ ಉರುಳಿಹೋಗಲು ಬಿಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ನಿಮ್ಮದರಲ್ಲಿ ಯಾವುದು ಎಂದು ಇವತ್ತೇ ನೋಡಿಟ್ಟುಕೊಳ್ಳಿ. ದುಪಟ್ಟಾ ಸೊಂಟಕ್ಕೆ ಕಟ್ಟಿ ಅಥವಾ ಮನೆಯಲ್ಲಿ ಬಿಡಿ, ಚಕ್ರಕ್ಕೆ ಸಿಕ್ಕಿದರೆ ಯಾವ ಪಾಠವೂ ಉಳಿಸುವುದಿಲ್ಲ. ಊರಾಚೆ ಹೋಗುವ ಅಭ್ಯಾಸವಿದ್ದರೆ ಸುಗ್ಗಿಯಲ್ಲಿ ಜೋಪಾನ. ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಇಳಿದು ತಳ್ಳಿಕೊಂಡು ಹೋಗಿ. ಆ ಸಿಪ್ಪೆ ಸೊಪ್ಪಿನ ಮೇಲೆ ಬಿದ್ದವರನ್ನು ನಾನು ತುಂಬಾ ನೋಡಿದ್ದೇನೆ.

ಈಗ ಆ ಬಿರುಕು. ತಲೆ ನೆಲಕ್ಕೆ ತಾಗಲೇ ಇಲ್ಲ ಅಂದಿರಿ. ಬಿದ್ದದ್ದು ಎಡಕ್ಕೆ, ಬಿರುಕು ಎಡಗಡೆ, ಹೆಲ್ಮೆಟ್ ಹೊಸದು. ಆಮೇಲೆ ಅದು ಕೈಜಾರಿ ಎಲ್ಲೂ ಬಿದ್ದಿಲ್ಲದಿದ್ದರೆ, ಆವತ್ತು ನಿಮ್ಮ ತಲೆ ನೆಲಕ್ಕೆ ಬಡಿದಿದೆ. ಕೈ ನೋವಿನಲ್ಲಿ ನಿಮಗೆ ಗೊತ್ತಾಗಿಲ್ಲ, ಥರ್ಮಾಕೋಲ್‌ಗೆ ಗೊತ್ತಾಗಿದೆ. ಯಜಮಾನರಿಗೆ ಉತ್ತರ ಬೇಕಿದ್ದರೆ ಆ ಬಿರುಕನ್ನೇ ತೋರಿಸಿ.

ಮೂರು ತಿಂಗಳಾಗಿದೆ, ತಲೆನೋವು, ಮರೆವು, ತಲೆಸುತ್ತು ಏನೂ ಇಲ್ಲದಿದ್ದರೆ ಹೆದರಬೇಡಿ. ಇದ್ದರೆ ಡಾಕ್ಟರಿಗೆ ಹೇಳಿ. ಇನ್ನು ಮುಂದೆ ಬಿದ್ದಾಗ ಮಾತ್ರ, ನಿಮಗೆ ಏನೂ ಅನ್ನಿಸದಿದ್ದರೂ ಹೆಲ್ಮೆಟ್ ತೆಗೆದು ಒಳಗೂ ಹೊರಗೂ ನೋಡಿ. ಗುರುತು ಕಂಡರೆ ಆ ದಿನ ಒಬ್ಬರೇ ಇರಬೇಡಿ. ತಲೆಗೆ ಪೆಟ್ಟಾದವರು ಕೆಲವೊಮ್ಮೆ ಮೊದಲ ಕೆಲವು ಗಂಟೆ ಚೆನ್ನಾಗೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯುತ್ತಾರೆ. ಮತ್ತೆ ಮತ್ತೆ ವಾಂತಿ, ಜಾಸ್ತಿಯಾಗುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಮೂಗು ಕಿವಿಯಿಂದ ನೀರಿನಂಥ ದ್ರವ, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕು. ಇದನ್ನು ಮನೆಯವರಿಗೆ ಹೇಳಿಡಿ. ಆ ಹೊತ್ತಿನಲ್ಲಿ ನೋಡಬೇಕಾದವರು ಅವರು.

ಒಮ್ಮೆ ಕುಗ್ಗಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಪೆಟ್ಟು ಅದು ತಡೆಯುವುದಿಲ್ಲ. ಫೆವಿಕ್ವಿಕ್ ಹಚ್ಚಿದರೆ ಥರ್ಮಾಕೋಲನ್ನೇ ತಿಂದುಹಾಕುತ್ತದೆ. ಹೊಸದು ತೆಗೆದುಕೊಳ್ಳಿ. ಹಳೆಯದರ ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸಿ ಕಸಕ್ಕೆ ಹಾಕಿ. ಹಾಗೇ ಇಟ್ಟರೆ ಯಾರಾದರೂ ‘ಚೆನ್ನಾಗೇ ಇದೆಯಲ್ಲ’ ಎಂದು ಎತ್ತಿಕೊಂಡು ಹೋಗಿ ಮಗುವಿನ ತಲೆಗೆ ಹಾಕುತ್ತಾರೆ.